ಅರ್ಧಕ್ಕೆ ನಿಂತ ಕೈಗಳು

ದಿನದ ಡೇಟಾ ಮುಗಿದ ಕೂಡಲೇ ನಿಮ್ಮ ನೆಟ್ ಆಮೆಯಾಗುತ್ತದಲ್ಲ... ಅದು ತಾನಾಗಿ ಆಗುವುದಲ್ಲ ಸ್ವಾಮಿ! ಎಲ್ಲೋ ಯಾರೋ ಕೂತು ಹಾಗೆ ಮಾಡಿರುತ್ತಾರೆ.

ಮೈಸೂರಿನ ಭಾರ್ಗವಿ ಅಂಥವರಲ್ಲಿ ಒಬ್ಬಳು. ಮೊಬೈಲ್ ಕಂಪನಿಯೊಂದರಲ್ಲಿ ಎಂಜಿನಿಯರ್.

ಲಕ್ಷಾಂತರ ಫೋನುಗಳ ಇಂಟರ್ನೆಟ್ ಹಾದುಹೋಗುವ ಗೇಟ್‌ವೇ ಅವಳ ಕೈಯಲ್ಲಿತ್ತು. ಯಾರಿಗೆ ಎಷ್ಟು ಸ್ಪೀಡ್ ಎಂಬ ರೂಲ್ ಹಾಕುವುದೇ ಕೆಲಸ.

ಆ ವಾರ ಹೊಸ ರೂಲ್ ಹಾಕಿದ್ದಳು... ಡೇಟಾ ಮುಗಿದವರಿಗೆ ವಿಡಿಯೋ ಬಂದ್. ಕಾಲ್, ಮೆಸೇಜ್ ಹೋದರೆ ಸಾಕು.

"ವಿಡಿಯೋ ಇಲ್ದಿದ್ರೆ ಯಾರ ಜೀವ ಹೋಗುತ್ತೆ ಸರ್? ಬರೀ ಟೈಮ್‌ಪಾಸ್" ಎಂದು ಮ್ಯಾನೇಜರ್ ಎದುರು ನಕ್ಕಿದ್ದಳು.

ನೆಟ್‌ವರ್ಕ್ ಮೇಲಿನ ಲೋಡ್ ಇಳಿಯಿತು. ಆಫೀಸಿನಲ್ಲಿ ಎಲ್ಲರಿಗೂ ಖುಷಿಯೋ ಖುಷಿ.

ಶನಿವಾರ ಅವಳು ಬೆಂಗಳೂರು ರೈಲು ಹತ್ತಿದಳು. ಎದುರು ಸೀಟಿನಲ್ಲಿ ಒಬ್ಬ ಹೆಂಗಸು ಫೋನನ್ನು ಕಿಟಕಿಗೆ ಒರಗಿಸಿಟ್ಟು, ಎರಡೂ ಕೈಗಳಲ್ಲಿ ಸನ್ನೆ ಮಾಡಿ ಮಾತಾಡುತ್ತಿದ್ದಳು. ಫೋನಿನಲ್ಲಿದ್ದ ಗಂಡಸೂ ಸನ್ನೆಯಲ್ಲೇ ಉತ್ತರ ಕೊಡುತ್ತಿದ್ದ.

ಇದ್ದಕ್ಕಿದ್ದಂತೆ ಅವನ ಕೈ ಅರ್ಧಕ್ಕೇ ನಿಂತುಬಿಟ್ಟಿತು...

ಸ್ಕ್ರೀನ್ ಮೇಲೆ ಭಾರ್ಗವಿಯ ಕಂಪನಿಯದೇ ಮೆಸೇಜ್. 'ಇಂದಿನ ಡೇಟಾ ಮುಗಿದಿದೆ.'

ಹೆಂಗಸು ಫೋನ್ ಅಲ್ಲಾಡಿಸಿದಳು. ಸ್ಕ್ರೀನ್ ಒರೆಸಿದಳು. ಆಮೇಲೆ ಅಳತೊಡಗಿದಳು.

"ಏನಾಯ್ತಮ್ಮ?" ಎಂದು ಭಾರ್ಗವಿ ಆ ಹೆಂಗಸಿನ ಪಕ್ಕದಲ್ಲಿದ್ದ ನಾದಿನಿಯನ್ನು ಕೇಳಿದಳು.

"ಅತ್ತಿಗೆಗೂ ನಮ್ಮಣ್ಣಂಗೂ ಕಿವಿ ಕೇಳ್ಸಲ್ಲ ಮೇಡಂ, ಮಾತೂ ಬರಲ್ಲ. ಅಣ್ಣ ಬೆಂಗಳೂರಲ್ಲಿ ಕೆಲಸಕ್ಕವ್ನೆ. ಬೆಳಿಗ್ಗೆ ಎದೆನೋವು ಬಂದು ಆಸ್ಪತ್ರೆ ಸೇರ್ಸವ್ರೆ... ಈಗ ಆಪರೇಷನ್‌ಗೆ ಕರ್ಕೊಂಡೋಗ್ತಾರಂತೆ. ತುಂಬಾ ಹೆದರ್ಕೊಂಡವ್ನೆ. ಅತ್ತಿಗೆ ಧೈರ್ಯ ಹೇಳ್ತಿದ್ಲು. ರೀಚಾರ್ಜ್ ಮಾಡಾಣ ಅಂದ್ರೆ ಅದೂ ಸುಮ್ನೆ ತಿರುಗ್ತಾನೇ ಐತೆ..."

"ಮೆಸೇಜ್ ಹೋಗುತ್ತಲ್ಲ?"

"ಅವ್ನಿಗೆ ಓದಕ್ಕೆ ಬರಲ್ಲ ಮೇಡಂ. ಅವ್ರಿಗೆ ವಿಡಿಯೋನೇ ಮಾತು."

ತಾನೇ ಹಾಕಿದ ರೂಲ್ ಭಾರ್ಗವಿಗೆ ನೆನಪಾಯಿತು.

ತಕ್ಷಣ ತನ್ನ ಫೋನಿನ ಹಾಟ್‌ಸ್ಪಾಟ್ ಆನ್ ಮಾಡಿಕೊಟ್ಟಳು. ಅವಳ ನಂಬರಿಗೆ ಮಿತಿಯೇ ಇಲ್ಲ. ಸ್ಟಾಫ್ ನಂಬರುಗಳನ್ನೆಲ್ಲ ರೂಲಿನಿಂದ ಹೊರಗಿಡುವುದು ಕಂಪನಿಯ ಹಳೇ ಪದ್ಧತಿ... ಹಾಗಾಗಿಯೇ ಆ ರೂಲಿನ ಬಿಸಿ ಆಫೀಸಿನಲ್ಲಿ ಒಬ್ಬರಿಗೂ ತಟ್ಟಿರಲಿಲ್ಲ!

ಫೋನಿನಲ್ಲಿ ಕೈಗಳು ಮತ್ತೆ ಆಡಿದವು. ಹೆಂಡತಿ ಕಣ್ಣೊರೆಸಿಕೊಂಡು ಏನೇನೋ ಹೇಳಿದಳು... ಗಂಡ ನಕ್ಕೇಬಿಟ್ಟ.

ಆಪರೇಷನ್‌ಗೆ ಕರೆದೊಯ್ಯಲು ನರ್ಸ್ ಬಂದಾಗ, ಅವನು ನೆಟ್ ಕೊಟ್ಟ ಭಾರ್ಗವಿಯನ್ನು ತೋರಿಸುವಂತೆ ಸನ್ನೆ ಮಾಡಿ ಕೈಮುಗಿದ.

"ದೇವ್ರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ ಅಂತಾವ್ನೆ ಮೇಡಂ" ಎಂದಳು ನಾದಿನಿ.

ಭಾರ್ಗವಿಗೆ ಅಳು ತಡೆಯಲಾಗಲಿಲ್ಲ. "ನಿಮ್ಮ ಮಾತು ನಿಲ್ಲಿಸಿದ್ದೇ ನಾನು ಕಣಮ್ಮ..."

ನಾದಿನಿಗೆ ಅದು ಅರ್ಥವಾಗಲಿಲ್ಲ. ಪಾಪ, ನೀರಿನ ಬಾಟಲಿ ಮುಂದೆ ಚಾಚಿದಳು.

ಆಪರೇಷನ್ ಸುಸೂತ್ರವಾಗಿ ಆಯಿತು.

ಸೋಮವಾರ ಭಾರ್ಗವಿ ರೂಲ್ ಬದಲಿಸಿದಳು. ಡೇಟಾ ಮುಗಿದರೂ ವಿಡಿಯೋ ಕಾಲ್ ನಿಲ್ಲದಷ್ಟು ಸ್ಪೀಡ್ ಉಳಿಸಿದಳು. ಜೊತೆಗೆ, ಹೊರಗಿಟ್ಟಿದ್ದ ತನ್ನ ನಂಬರನ್ನೂ ರೂಲಿನೊಳಗೆ ಸೇರಿಸಿದಳು.

"ನಿಂಗೇನಮ್ಮ ಹುಚ್ಚಾ?" ಎಂದರು ಮ್ಯಾನೇಜರ್.

"ನಮಗೂ ಸ್ವಲ್ಪ ಬಿಸಿ ತಟ್ಟಲಿ ಸರ್" ಎಂದಳು.

ಇನ್ನೊಬ್ಬರಿಗೆ ಹಾಕುವ ಕಟ್ಟುಪಾಡನ್ನು ಮೊದಲು ನಾವು ಅನುಭವಿಸಿ ನೋಡಬೇಕು.

ನಿಮ್ಮ ಮನೆಯಲ್ಲಿ, ಆಫೀಸಿನಲ್ಲಿ ನೀವೇ ಹಾಕಿದ ಯಾವ ರೂಲಿನಿಂದ ನೀವು ಮಾತ್ರ ಹೊರಗಿದ್ದೀರಿ...?