ಎಡ ತಿರುವಿನ ಸದ್ದು

"ಮತ್ತೆ ಬಂತು," ಎಂದರು ಕಿವಿ ಸಾಹೇಬರು.

ವಿಮಾನ ಎಡಕ್ಕೆ ಪೂರ್ತಿ ವಾಲಿ ಬಿಗಿಯಾಗಿ ತಿರುಗುತ್ತಿತ್ತು. ಹಿಂದಿನ ಸೀಟಿನಲ್ಲಿ ಅದರ ವಿನ್ಯಾಸಕಿ ಕಣ್ಣು ಮುಚ್ಚಿಕೊಂಡು, ಬೆಳಗಿನ ತಿಂಡಿಯನ್ನು ಹೊಟ್ಟೆಯಲ್ಲೇ ಉಳಿಸಿಕೊಳ್ಳಲು ಹೆಣಗುತ್ತಿದ್ದರು. ಆದರೂ ಹೆಡ್‌ಫೋನಿನಲ್ಲಿ ಸ್ಪಷ್ಟವಾಗಿ ಕೇಳಿಸಿತು: ಕಿರ್ರ್... ಕರಕ್. ಕಿರ್ರ್... ಕರಕ್. ವಿಮಾನ ನೇರವಾದ ಕೂಡಲೇ ನಿಂತುಹೋಯಿತು.

"ಕೇಳಿಸ್ತಾ?"

"ಕೇಳಿಸ್ತು ಸರ್," ಎಂದರು ವಿನ್ಯಾಸಕಿ ಅಳುದನಿಯಲ್ಲಿ. ಏನೂ ಕೇಳಿಸಲಿಲ್ಲ ಎಂದು ಹೇಳಬೇಕೆಂದೇ ಅವರು ವಿಮಾನ ಹತ್ತಿದ್ದು.

ಸಾಹೇಬರು ಸರ್ಕಾರದ ವಿಮಾನ ಪರೀಕ್ಷಾ ಇಲಾಖೆಯ ಮುಖ್ಯ ಪೈಲಟ್. ಹೊಸ ವಿಮಾನ ಯಾವುದೇ ಬರಲಿ, ಮೊದಲು ಕೈಕೆಳಗಿನ ಪೈಲಟ್‌ಗಳು ಹಾರಿಸಿ ನೋಡಬೇಕು, ಕೊನೆಗೆ ಇವರು ಹಾರಿಸಿ ಸಹಿ ಹಾಕಬೇಕು. ಸಹಿ ಬೀಳದಿದ್ದರೆ ಅದು ಷೆಡ್ಡಿಗೆ ಅಲಂಕಾರ, ಅಷ್ಟೆ. ಬರೀ ಸದ್ದು ಕೇಳಿಯೇ ಯಾವ ಬೋಲ್ಟು ಸಡಿಲವಾಗಿದೆ ಎಂದು ಹೇಳಬಲ್ಲವರೆಂಬ ಖ್ಯಾತಿ ಅವರದು. 'ಕಿವಿ ಸಾಹೇಬರು' ಎಂಬ ಅಡ್ಡಹೆಸರು ಬೆನ್ನ ಹಿಂದೆ ಕೇಳಿಬಂದಾಗಲೆಲ್ಲ ಕೇಳಿಸದವರಂತೆ ನಡೆದುಹೋಗಿ, ಒಳಗೊಳಗೇ ಉಬ್ಬುತ್ತಿದ್ದರು.

ಇದು ಹೊಸದಾಗಿ ಕಲಿಯುವ ಹುಡುಗ ಹುಡುಗಿಯರಿಗಾಗಿ ಮಾಡಿದ ವಿಮಾನ. ವಿನ್ಯಾಸಕಿ ಅದಕ್ಕಾಗಿ ಊಟ ನಿದ್ದೆ ಬಿಟ್ಟಿದ್ದರು, ತಂಗಿಯ ಮದುವೆಗೂ ಅಕ್ಷತೆಯ ಹೊತ್ತಿಗೆ ಬಂದ ದೂರದ ನೆಂಟರಂತೆ ಹೋಗಿ ಬಂದಿದ್ದರು. ಈ ಸಲ ಸಹಿಯಾಗದಿದ್ದರೆ ಯೋಜನೆಗೇ ಬೀಗ ಎಂದು ಮೇಲಿನವರು ಹೇಳಿಯಾಗಿತ್ತು. ಸಾಹೇಬರಿಗೂ ವಿಮಾನ ಇಷ್ಟವಾಗಿತ್ತು. ಇಷ್ಟು ಹೇಳಿದಂತೆ ಕೇಳುವ ವಿಮಾನವನ್ನು ಅವರು ಹಿಂದೆಂದೂ ಹಾರಿಸಿರಲಿಲ್ಲ. ಆದರೆ ಸದ್ದು ಸದ್ದೇ.

"ರೆಕ್ಕೆ ಬುಡದಲ್ಲಿ ಏನೋ ಉಜ್ತಾ ಇದೆ. ನಾಳೆ ಯಾರದೋ ಮನೆ ಮಗು ಇದರಲ್ಲಿ ಕೂರುತ್ತೆ ಕಣಮ್ಮಾ. ಎಲ್ಲಿಂದ ಬರ್ತಿದೆ ಅಂತ ತೋರಿಸಿ, ಆ ಕ್ಷಣವೇ ಸಹಿ ಹಾಕ್ತೀನಿ," ಎಂದರು ಕೆಳಗಿಳಿದು.

ರೆಕ್ಕೆ ಬಿಚ್ಚಿದರು. ಏನೂ ಸಿಗಲಿಲ್ಲ. ಮತ್ತೆ ಜೋಡಿಸಿದರು. ಕಿರಿಯ ಪೈಲಟ್ ಹಾರಿಸಿದ. ಸದ್ದಿಲ್ಲ.

"ನೀನು ಮದುವಣಗಿತ್ತಿ ಥರ ತಿರುಗಿಸ್ತೀಯ. ಗಟ್ಟಿಯಾಗಿ ತಿರುಗ್ಸು!" ಎಂದು ಸಾಹೇಬರು ಗದರಿದರು.

ಅವನು ಕಣ್ಣಿಗೆ ಕತ್ತಲೆ ಕವಿಯುವಷ್ಟು ಗಟ್ಟಿಯಾಗಿ ತಿರುಗಿಸಿದ. ತೂರಾಡುತ್ತ ಇಳಿದು ಬಂದು, "ಸದ್ದಿಲ್ಲ ಸರ್. ಬಹುಶಃ ಅದಕ್ಕೆ ನಿಮ್ಮನ್ನ ಕಂಡ್ರೆ ಆಗಲ್ಲ," ಎಂದ. ಹೇಳಿದ ಮೇಲೆ ಎರಡು ಹೆಜ್ಜೆ ಹಿಂದಕ್ಕೆ ಸರಿದ.

ಆ ಮಾತೇ ವಿನ್ಯಾಸಕಿಗೆ ದಾರಿ ತೋರಿಸಿತು. ಕಿರಿಯ ಪೈಲಟ್ ಕಡ್ಡಿಯಂತಿದ್ದ. ಸಾಹೇಬರು ಹಾಗಿರಲಿಲ್ಲ.

"ಸರ್, ತಪ್ಪು ತಿಳ್ಕೋಬೇಡಿ... ನಿಮ್ಮ ತೂಕ..."

"ನನ್ನ ತೂಕಕ್ಕೇನಾಗಿದೆ?"

"ಏನೂ ಆಗಿಲ್ಲ ಸರ್. ಸೀಟಿಗೆ ಏನಾದ್ರೂ ಆಗಿರ್ಬಹುದಾ ಅಂತ."

ಕಿರಿಯ ಪೈಲಟ್ಟಿನ ಸೀಟಿನ ಕೆಳಗೆ ಮರಳಿನ ಚೀಲ ಕಟ್ಟಿ ಹಾರಿಸಿದರು. ಎಷ್ಟು ಚೀಲ ಬೇಕಾಯಿತೆಂದು ಷೆಡ್ಡಿನವರು ಊಟದ ಹೊತ್ತಿನಲ್ಲಿ ನಕ್ಕಿದ್ದೇ ನಕ್ಕಿದ್ದು. ಸದ್ದು ಮಾತ್ರ ಬರಲಿಲ್ಲ. ಸೀಟನ್ನೇ ಬದಲಾಯಿಸಿ ಸಾಹೇಬರು ಹಾರಿಸಿದರು. ತಿರುವಿಗೆ ಬಂದದ್ದೇ ತಡ, ಕಿರ್ರ್... ಕರಕ್. ಈ ಸಲ ಇನ್ನೂ ಜೋರು.

ಅದೂ ರೆಕಾರ್ಡಿಂಗ್ ಸಮೇತ. ಪೈಲಟ್ ಉಸಿರೆಳೆದರೂ ಬಿಡದೆ ಹಿಡಿಯುವಂಥ ಮೈಕನ್ನು ಅವನ ಬಾಯೆದುರಿಗೇ ಕೂರಿಸಿ, ಮೊದಲ ದಿನ ಎಲ್ಲರಿಗೂ ಹೆಮ್ಮೆಯಿಂದ ತೋರಿಸಿದ್ದ ವಿನ್ಯಾಸಕಿ ಈಗ ಅದನ್ನು ಹಾಕಿಸಿದ್ದಕ್ಕೆ ತಮ್ಮನ್ನೇ ಬೈದುಕೊಂಡರು.

ಸಾಹೇಬರು ಕುಗ್ಗಿಹೋದರು. ಕಂಡ ಯಂತ್ರದ ಗುಟ್ಟನ್ನೆಲ್ಲ ಹೊರಗೆಳೆದ ಕಿವಿ ಈಗ ಕೈಕೊಡುತ್ತಿತ್ತು. ಮನೆಯಲ್ಲಿ ಊಟ ಸೇರುತ್ತಿರಲಿಲ್ಲ, ಮಾತು ಕಡಿಮೆಯಾಯಿತು. ಆ ವಾರ ಹೆಂಡತಿ ತಮ್ಮ ಹಾಸಿಗೆಯನ್ನು ಸುರುಳಿ ಸುತ್ತಿ ಪಕ್ಕದ ಕೋಣೆಗೆ ಹೊತ್ತುಕೊಂಡು ಹೋದರು.

"ಯಾಕೆ?"

"ನೆಮ್ಮದಿಯಾಗಿ ನಿದ್ದೆ ಬೇಕಲ್ರೀ."

ಈಕೆಗೆ ತನ್ನ ಮೇಲೆ ಎಷ್ಟೊಂದು ಕಾಳಜಿ ಎಂದುಕೊಂಡು ಸಾಹೇಬರು ಆಕೆಯ ದಿಂಬನ್ನು ತಾವೇ ಹೊತ್ತು ಹಿಂದೆ ಹೋದರು.

ಕೊನೆಯ ದಿನವೂ ಬಂತು. ಮರುದಿನ ಬೆಳಗಿನ ಸಭೆಯಲ್ಲಿ ಅವರು 'ಇಲ್ಲ' ಎನ್ನಬೇಕಿತ್ತು. ಸಂಜೆ ಅವರ ಮನೆಯ ಕರೆಗಂಟೆ ಸದ್ದು ಮಾಡಿತು. ಬಾಗಿಲಲ್ಲಿ ವಿನ್ಯಾಸಕಿ, ಕೈಯಲ್ಲೊಂದು ಪುಟ್ಟ ಸ್ಪೀಕರು, ಕಣ್ಣ ಸುತ್ತ ಕಪ್ಪು.

"ಕೊನೇ ಸಲ ಸರ್. ರೆಕಾರ್ಡಿಂಗಿನಿಂದ ಎಂಜಿನ್ ಸದ್ದನ್ನ ಪೂರ್ತಿ ತೆಗೆಸಿದ್ದೀನಿ. ಇದೊಂದನ್ನೇ ಉಳಿಸಿದ್ದೀನಿ. ನಿಮ್ಮಷ್ಟು ಚೆನ್ನಾಗಿ ಇನ್ಯಾರಿಗೂ ಕೇಳಿಸಲ್ಲ. ಏನೂ ಗೊತ್ತಾಗ್ಲಿಲ್ಲ ಅಂದ್ರೆ ನಾನೇ ಷೆಡ್ಡಿಗೆ ಬೀಗ ಹಾಕ್ತೀನಿ."

ಸಾಹೇಬರು ಅವರನ್ನು ಕೂರಿಸಿ, ಫ್ಯಾನು ನಿಲ್ಲಿಸಿ, ಕಿಟಕಿ ಮುಚ್ಚಿದರು. ಕಣ್ಣು ಮುಚ್ಚಿ ಸ್ಪೀಕರಿನತ್ತ ಬಾಗಿದರು. ಸದ್ದು ಕೋಣೆಯ ತುಂಬ ಹರಡಿತು.

"ಒಣಗಿದ ಲೋಹ," ಎಂದರು ನಿಧಾನವಾಗಿ. "ಎರಡು ಭಾಗ ಇದೆ. ಮೇಲಿನದು ಕೆಳಗಿನದನ್ನ ಒತ್ತಿ ಹಿಡಿದು ಉಜ್ಜುತ್ತೆ. ಹಳೇದು, ಸವೆದಿದೆ. ಹೊಸ ವಿಮಾನದಲ್ಲಿ ಇಷ್ಟು ಸವೆದ ಭಾಗವನ್ನ ಯಾರಮ್ಮಾ ಹಾಕಿದ್ದು?"

ವಿನ್ಯಾಸಕಿ ತಲೆ ತಗ್ಗಿಸಿ ಕಣ್ಣೊರೆಸಿಕೊಂಡರು.

ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ಕಾಫಿ ತಟ್ಟೆ ಹಿಡಿದು ನಿಂತಲ್ಲೇ ನಿಂತಿದ್ದರು. ಸ್ಪೀಕರನ್ನೊಮ್ಮೆ, ಗಂಡನನ್ನೊಮ್ಮೆ ನೋಡಿದರು.

"ಅಯ್ಯೋ, ಮದುವೆಯಾದಾಗಿಂದ ರಾತ್ರಿಯೆಲ್ಲ ಇದನ್ನೇ ಕೇಳ್ತಾ ಬಿದ್ದಿದ್ದೀನಿ, ಇವರು ಹಲ್ಲು ಕಡಿಯೋದನ್ನ ರೆಕಾರ್ಡ್ ಮಾಡ್ಕೊಳ್ಳೋಕೂ ಸರ್ಕಾರದಲ್ಲಿ ಒಂದು ಇಲಾಖೆ ಇದೆಯೇನಮ್ಮಾ?"