ಮೂರನೆಯ ಕೊಕ್ಕೆ

"ಒಂದೇ ಸೂರಿನಡಿ ದುಡಿಯೋರೆಲ್ಲರ ಸಂಬಳಾನೂ ಲೆಕ್ಕಕ್ಕೆ ಬರುತ್ತಮ್ಮ. ಒಟ್ಟು ಆದಾಯ ನಮ್ಮ ಕೌಂಟಿಯ ಮಿತಿ ದಾಟಿದ್ರೆ ಸರ್ಕಾರದ ಗೃಹಸಾಲ ಸಿಗಲ್ಲ," ಎನ್ನುತ್ತಲೇ ಸಾಲದ ಅಧಿಕಾರಿ ತಲೆಯೆತ್ತಿದ. ಗಾಲಿಗಳ ಮೇಲಿನ ಆ ಟ್ರೈಲರ್ ಮನೆಯ ಗೋಡೆಯ ಕೊಕ್ಕೆಗಳಲ್ಲಿ ಮೂರು ಕಾಫಿ ಕಪ್ಪುಗಳು ತೂಗುತ್ತಿದ್ದವು, ಒಂದೊಂದರ ಮೇಲೂ ಒಂದೊಂದು ಹೆಸರು. "ಈ ಡೆಲ್ಬರ್ಟ್ ಯಾರು?"

ಕೊರೀನಳ ಗಂಡ ಸಾಲದ ಅರ್ಜಿಯ ಹಾಳೆ ತಿರುವಿದ. ಅವಳೇ ಹೇಳಿದಳು: "ನನ್ನ ಮೈದುನ. ಬಂದು ಹೋಗೋ ನೆಂಟ, ಅಷ್ಟೆ."

ಅವಳ ಮದುವೆಗೂ ಮುಂಚಿನಿಂದ ಆ ಮನೆಯಲ್ಲೇ ಇದ್ದ ಡೆಲ್ಬರ್ಟ್, ಕೋಳಿ ಕಾರ್ಖಾನೆಯ ಪಾಳಿ ಮುಗಿಸಿ ಬಾಗಿಲಲ್ಲಿ ಬೂಟು ಕಳಚುತ್ತಿದ್ದ. ಬೂಟು ಬದಿಗಿಟ್ಟು ನಕ್ಕ. "ಹೌದು ಸರ್. ಅತ್ತಿಗೆ ಕೈರುಚಿಗೆ ಆಸೆಪಟ್ಟು ಬರ್ತೀನಿ."

ಅಧಿಕಾರಿಯ ಕಾರು ಮರೆಯಾದ ಮೇಲೆ ಅವನು ಕಾಫಿ ಕುಡಿದ. ತನ್ನ ಕಪ್ಪನ್ನು ತೊಳೆದು ಒರೆಸಿದ. ಖಾಲಿ ಕೊಕ್ಕೆ ಕಣ್ಣೆದುರೇ ಇತ್ತು.

"ಅತ್ತಿಗೆ, ಇದನ್ನ ಎಲ್ಲಿಡ್ಲಿ?"