ಒಗ್ಗರಣೆ ಬೀಳದ ಬೇಳೆ

ಮೊದಲ ತುತ್ತಿಗೇ ಸಿದ್ದಲಿಂಗೇಶ ತಟ್ಟೆಯನ್ನು ದೂಡಿದ. ಬೇಳೆಗೆ ಒಗ್ಗರಣೆಯೇ ಬಿದ್ದಿರಲಿಲ್ಲ. ಮೊದಲೇ ಅವನ ತಲೆ ಕೆಟ್ಟಿತ್ತು. ಅವನ ಮಾಯಾಲೋಕದ ಕಾದಂಬರಿಮಾಲೆಯ ಎರಡು ಸಂಪುಟ ಅಚ್ಚು ಹಾಕಿದ ಪ್ರಕಾಶಕರು, ಮೂರನೆಯದು ಬೇಡವೆಂದು ಬೆಳಿಗ್ಗೆಯಷ್ಟೇ ಫೋನು ಮಾಡಿದ್ದರು. ಓದುಗರು ಕಥೆಯ ಒಳಗೇ ಇಳಿಯುತ್ತಿಲ್ಲವಂತೆ.

"ಇನ್ನೇನು ಬೇಕಂತ ಅವರಿಗೆ?" ಎಂದು ಅವ್ವ ವಿರೂಪಾಕ್ಷಮ್ಮನ ಮೇಲೆ ಹರಿಹಾಯ್ದ. "ಏಳು ರಾಜ್ಯದ ನಕಾಶಿ ಬರದೀನಿ. ರಾಜರ ವಂಶಾವಳಿ ಬರದೀನಿ. ರೆಕ್ಕಿ ಸರ್ಪಗಳಿಗೂ ಒಂದು ಭಾಷಾ ಕಟ್ಟೀನಿ."

ದಿನಾ ಮಧ್ಯಾಹ್ನ ಅವನು ಬರೆದದ್ದನ್ನು ಓದುತ್ತಿದ್ದರೆ, ಮೆಣಸಿನಕಾಯಿ ತೊಟ್ಟು ಮುರಿಯುತ್ತ ಕೇಳುವವಳು ಇಡೀ ಗಂಗಾವತಿಯಲ್ಲಿ ಅವ್ವ ಒಬ್ಬಳೇ. ವಂಶಾವಳಿ ಬಂದಾಗ ಅವಳೂ ತೂಕಡಿಸುತ್ತಿದ್ದಳು. ಅದಕ್ಕೂ ಅವನಿಗೆ ಸಿಟ್ಟಿತ್ತು.

"ಅವ್ರು ಹಾಳಾಗಿ ಹೋಗ್ಲಿ. ನಿನಗೇನಾಗೇತವ್ವ? ಒಂದು ಒಗ್ಗರಣಿ ಹಾಕಾಕ ಆಗ್ಲಿಲ್ಲೇನು?"

"ಹೆಂಗ ಹಾಕ್ಲಿ?" ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. "ನಿನ್ನಿ ಆ ಅಂಬಿಗರ ಮುದುಕನ್ನ ಹೊಳಿಯಾಗ ಮುಳುಗಿಸಿಬಿಟ್ಟಿ. ಹರಗೋಲಿನ ತೂತು ಮುಚ್ಚಕೋಂತ, ಹೆಂಡ್ತೀನ ಬೈಕೋಂತ ಇಷ್ಟು ದಿನ ನಮ್ಮ ಮನ್ಯಾಗ ಇದ್ದಂವ ಅಂವ. ಸಾವಾದ ಮನ್ಯಾಗ ಮರುದಿನಾನ ಒಗ್ಗರಣಿ ವಾಸನಿ ಬರಬೇಕೇನು?"

ಸಿದ್ದಲಿಂಗೇಶ ಕಾದಂಬರಿಯಲ್ಲಿ ಆ ಮುದುಕನಿಗೆ ಒಂದು ಹೆಸರನ್ನೂ ಇಟ್ಟಿರಲಿಲ್ಲ. ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡು, ಆ ಸಪ್ಪೆ ಬೇಳೆಯನ್ನೇ ಅನ್ನಕ್ಕೆ ಕಲಸತೊಡಗಿದ.